ಆರಿಹೋದ ವಜ್ರ

ಪಿಟೀಲಿನ ಹೊಟ್ಟೆ ಬಗೆದಿಟ್ಟಿದ್ದರು!

ಕೌಸಲ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಮದ್ರಾಸಿನ ತಿರುವಲ್ಲಿಕ್ಕೇಣಿಯ ಉಡುಪಿ ಹೋಟೆಲಿನ ಮಹಡಿಯ ಕೋಣೆ ಅದು. ಬೆಂಚಿನ ಮೇಲೆ ಅವಳ ಪಿಟೀಲು, ಮೇಲಿನ ಹಲಗೆ ಕಳಚಿ, ಒಳಗೆಲ್ಲ ಬಟಾಬಯಲು. ಪಕ್ಕದಲ್ಲಿ ತೆಳ್ಳನೆಯ ಚಾಕು ಹಿಡಿದು ರಘುರಾಮ.

"ಏನ್ರೀ ಇದು? ಬರೋ ವಾರ ರೇಡಿಯೋ ಆಡಿಷನ್ ಇದೆ. ಅಪ್ಪಂಗೆ ಏನು ಪದಿಲ್ ಹೇಳ್ಲಿ?"

ಗಾಬರಿಯಾದರೆ ಅವಳ ಕನ್ನಡದೊಳಗೆ ತಮಿಳು ತಾನಾಗಿ ನುಗ್ಗಿ, ಉತ್ತರ ಹೋಗಿ 'ಪದಿಲ್' ಆಗುತ್ತಿತ್ತು. ತಲೆಮಾರುಗಳಿಂದ ಮದ್ರಾಸಿನಲ್ಲಿರುವ ಮನೆತನ, ಪಾಪ, ಅವಳಾದರೂ ಏನು ಮಾಡುತ್ತಾಳೆ.

"ಒಡೆದದ್ದಲ್ಲ ಮಾರಾಯ್ರೆ, ಬಿಡಿಸಿದ್ದು," ಎಂದ ಅವನು. "ದಪ್ಪ ತಂತಿ ಗೊರ್ ಅಂತದೆ ಅಂದ್ರಲ್ಲ? ಒಳಗಿನ ಪಟ್ಟಿಯ ತುದಿ ಎದ್ದಿದೆ. ಮಾಡಿದವ ನಾನು, ತಪ್ಪೂ ನನ್ನದೇ."

ತನ್ನ ಸುಬ್ರಾಯ ಮಾವನ ಈ ಹೋಟೆಲಿನಲ್ಲಿ ಇಡ್ಲಿ ಬಡಿಸಲೆಂದು ಬಂದವನು ಮಹಡಿ ಹತ್ತಿ ಪಿಟೀಲು ಮಾಡುತ್ತ ಕೂತುಬಿಟ್ಟಿದ್ದ. ಬೇಸಗೆಯಲ್ಲಿ ಇವಳಿಗೆಂದೇ ಮಾಡಿಕೊಟ್ಟ ಪಿಟೀಲು, ಮಳೆಗಾಲ ಬಂದದ್ದೇ ತಡ ಗೊರಗುಟ್ಟಲು ಶುರುಮಾಡಿತ್ತು.

ಸಿಟ್ಟು ಮಾಡಬೇಕೆಂದುಕೊಂಡವಳು ಬಗ್ಗಿ ನೋಡಿದಳು. ತನ್ನ ಪಿಟೀಲಿನ ಒಳಗು ಹೀಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಇದೇನು, ಅದೇಕೆ ಎಂದು ಕೇಳಿದ್ದೇ ಕೇಳಿದ್ದು. ಅವನೂ ಬೇಸರವಿಲ್ಲದೆ ತೋರಿಸಿದ. ಗಿಂಡಿಯ ಹೊಸ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಮ್ಮ ತಿರುಮಲ ಹೇಳಿದ್ದ ಮಾತೂ ನೆನಪಾಯಿತು. ಅಲ್ಲೊಂದು ಹೊಸ ಅಂಟು ಬಂದಿದೆಯಂತೆ, ಜನ್ಮದಲ್ಲಿ ಬಿಡುವುದಿಲ್ಲವಂತೆ, ಅದನ್ನೇ ಹಾಕಬಾರದಿತ್ತೇ ಎಂದಳು.

"ಬಿಡದಿದ್ರೆ ತಪ್ಪನ್ನು ತಿದ್ದುದು ಹೇಗೆ? ಪಿಟೀಲಿಗೆ ಬಿಡಿಸ್ಲಿಕ್ಕೆ ಬರುವ ಅಂಟೇ ಆಗ್ಬೇಕು. ಅದನ್ನು ಬಿಸಿಯಿರುವಾಗ ಹಚ್ಚಿ ತಟ್ಟಂತ ಕೂರಿಸ್ಬೇಕು. ಆರಿದ್ರೆ ಹಿಡಿಯುದಿಲ್ಲ."

"ಇಷ್ಟೆಲ್ಲ ಗೊತ್ತಿದ್ದೂ ಇದೊಂದು ಹೇಗೆ ಎದ್ದಿತು?"

ರಘುರಾಮನ ಕಿವಿಗಳು ಕೆಂಪಾದವು. "ಅದನ್ನು ಹೇಳ್ಲಿಕ್ಕೆ ಆಗುದಿಲ್ಲ," ಎಂದು ತಲೆ ತಗ್ಗಿಸಿದ.

ಅಷ್ಟೇ! ಕೌಸಲ್ಯಾಳ ತಲೆಯೊಳಗೆ ಹುಳ ಹೊಕ್ಕಿತು. *ಯಾಕೆ ಹೇಳೋಕಾಗಲ್ಲ? ಅಂಥದ್ದೇನಿರಬಹುದು...?* ರಾತ್ರಿ ಊಟದಲ್ಲಿ ಹುಳಿಗೂ ಸಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಪಿಟೀಲಿಗಿಂತ ಆ ಕೆಂಪು ಕಿವಿಗಳೇ ಹೆಚ್ಚಾಗಿ ನೆನಪಾಗುತ್ತಿದ್ದವು ಎಂಬುದನ್ನು ಅವಳು ತನಗೆ ತಾನೂ ಒಪ್ಪಿಕೊಳ್ಳಲಿಲ್ಲ.

ಮಾರನೆಯ ದಿನ ಏನೋ ನೆಪ ಮಾಡಿಕೊಂಡು ಹೋದರೆ ಕೋಣೆಗೆ ಬೀಗ. ಗಲ್ಲಾದಲ್ಲಿದ್ದ ಮೋನಪ್ಪನನ್ನು ಕೇಳಿದಳು.

"ರಘುವಾ? ವಜ್ರ ತರ್ಲಿಕ್ಕೆ ಪ್ಯಾರಿಸ್ ಕಾರ್ನರಿನ ಅಂಗಡಿಗೆ ಹೋಗಿದ್ದಾನಮ್ಮ. ಸಾಧಾರಣದ್ದು ಅವನಿಗಾಗುದಿಲ್ಲ. ಈ ವಾರವೇ ಕೂಡಿಸಿ ಮುಗಿಸ್ಬೇಕಂತೆ."

ವಜ್ರ... ಈ ವಾರವೇ ಕೂಡಿಸುವುದು... ಹೆಣ್ಣು ಗೊತ್ತಾಗದೆ ಯಾರಾದರೂ ವಜ್ರ ತರುತ್ತಾರೆಯೇ? ಹೇಳಲಾಗದ ಗುಟ್ಟು ಇದೇ! ಯಾವಳದೋ ಮೂಗುಬೊಟ್ಟಿನ ಯೋಚನೆಯಲ್ಲಿ ನನ್ನ ಪಿಟೀಲು ಕೆಡಿಸಿದನೇ? ಮೋನಪ್ಪ ಕೊಟ್ಟ ಕಾಫಿಯನ್ನೂ ಕುಡಿಯದೆ ಮನೆಗೆ ಬಂದಳು. ಕೋಣೆ ಸೇರಿ ಅತ್ತಳು. ಅಳು ಬಂದಾಗಲೇ ಅವಳಿಗೆ ತನ್ನ ಮನಸ್ಸು ತಿಳಿದದ್ದು. ಈಗ ತಿಳಿದು ಏನು ಬಂತು?

ಇನ್ನು ಅತ್ತ ಕಾಲಿಡುವುದಿಲ್ಲವೆಂದು ಪಿಟೀಲು ತರಲು ತಿರುಮಲನನ್ನು ಅಟ್ಟಿದಳು. ಅವನು ಬರಿಗೈಯಲ್ಲಿ, ಮೂಗು ಮುಚ್ಚಿಕೊಂಡು ವಾಪಸ್ಸಾದ.

"ಇನ್ನೂ ಆಗಿಲ್ಲ ಅಕ್ಕಾ. ವಜ್ರಂ ಕಾಯಿಸ್ತಿದಾರೆ. ಒರೇ ನಾತ."

"ವಜ್ರ ಯಾರಾದ್ರೂ ಕಾಯಿಸ್ತಾರೇನೋ?"

"ಮರಕ್ಕೆ ಹಚ್ಚೋ ಅಂಟು ಅಕ್ಕಾ. ನಮ್ಮ ಕಾರ್ಖಾನೆ ಆಚಾರಿನೂ ವಜ್ರಂ ಅಂತಾನೇ ಹೇಳ್ತಾನೆ."

ಕೌಸಲ್ಯಾ ತಮ್ಮನ ಮುಖವನ್ನೇ ನೋಡಿದಳು. ಅಂಟು! ಇಷ್ಟು ಅತ್ತದ್ದು ಅಂಟಿಗಾಗಿಯೇ? ಚಪ್ಪಲಿ ಮೆಟ್ಟಿದವಳು ಹೋಟೆಲಿನ ಮಹಡಿ ಹತ್ತಿಯೇ ಉಸಿರು ಬಿಟ್ಟಳು.

ಬಿಸಿನೀರಿನ ಪಾತ್ರೆಯೊಳಗೆ ಪುಟ್ಟ ಡಬ್ಬಿ, ಅದರಲ್ಲಿ ಬೆಲ್ಲದ ಪಾಕದಂಥ ಅಂಟು. ರಘುರಾಮ ಆಗಷ್ಟೇ ಬ್ರಷ್ ಅದ್ದಿದ್ದ.

"ನಿಮ್ಮ ವಜ್ರ ನೋಡೋಕೆ ಬಂದೆ," ಎಂದಳು. ನಗುವೂ ಅಳುವೂ ಒಟ್ಟಿಗೇ ಬರುತ್ತಿತ್ತು. "ಆ ಪಟ್ಟಿ ಯಾಕೆ ಎದ್ದಿತು, ಇವತ್ತು ಹೇಳಲೇಬೇಕು."

ಅವನು ಡಬ್ಬಿಯಿಂದ ಬ್ರಷ್ ಎತ್ತಿದ.

"ಪಿಟೀಲು ಎಲ್ಲಿವರೆಗೆ ಬಂತು ಅಂತ ನೋಡ್ಲಿಕ್ಕೆ ಅಪ್ಪನ ಜೊತೆ ಮೊದಲ ಸಲ ಬಂದ್ರಲ್ಲ, ಆವಾಗ ನಾನು ಇದೇ ಪಟ್ಟಿಗೆ ವಜ್ರ ಹಚ್ಚಿದ್ದೆ. ನಿಮ್ಮನ್ನು ನೋಡ್ತಾ ನಿಂತೆ... ಆರಿಹೋಯ್ತು. ಕೆರೆದು ಹೊಸತಾಗಿ ಹಚ್ಬೇಕಿತ್ತು. ಅದು ಬಿಟ್ಟು, ನಿಮ್ಮ ಮುಂದೆ ಮರ್ಯಾದೆ ಹೋಗ್ತದೆ ಅಂತ ಹಾಗೇ ಒತ್ತಿ ಕೂರಿಸಿದೆ."

ಕೌಸಲ್ಯಾಳ ಮುಖ ಬಿಸಿಯೇರಿತು. ನೋಡಿದರೆ ಅವನು ಈಗಲೂ ಬ್ರಷ್ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದಾನೆ!

"ಮತ್ತೆ ಆರಿಹೋಗುತ್ತೆ ರೀ. ನಾನು ಆ ಕಡೆ ತಿರುಗ್ತೀನಿ, ನೀವು ಹಚ್ಚಿ."

ಗೋಡೆಗೆ ಮುಖ ಮಾಡಿ ನಿಂತಳು. ಬ್ರಷ್ ಆಡಿದ ಸದ್ದು, ಪಟ್ಟಿ ಕೂತ ಸದ್ದು, ಅದನ್ನು ಒತ್ತಿಹಿಡಿಯುವ ಹಿಡಿಕೆಗಳ ತಿರುಪು ಬಿಗಿದ ಸದ್ದು. ಈ ಸಲ ಕೆಲಸ ಎಲ್ಲೂ ನಿಲ್ಲಲಿಲ್ಲ. ಅಂದಹಾಗೆ, ಮುಂದೆ ಆಡಿಷನ್ನೂ ಪಾಸಾಯಿತು, ಅದರ ಚಿಂತೆ ಬಿಡಿ.

"ಆಯ್ತು. ಇನ್ನು ತಿರುಗಬಹುದು," ಎಂದ ಅವನು. ಅವಳು ತಿರುಗಿದಳು.

"ಅಪ್ಪಂಗೆ ಏನು ಪದಿಲ್ ಹೇಳ್ಲಿ?"

"ನಾಳೆ ಸುಬ್ರಾಯ ಮಾವ ಬಂದು ಹೆಣ್ಣು ಕೇಳ್ತಾರೆ. ಪದಿಲ್ ನೀವು ಹೇಳ್ಬೇಕು." ಹೇಳುತ್ತಲೇ ಅವಳ ಕೈ ಹಿಡಿದುಬಿಟ್ಟಿದ್ದ, ಬೆರಳೆಲ್ಲ ಜಿಗುಟು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಯಾವ ಅಂಟು ರೀ ಇದು, ಪಿಟೀಲಿನದಾ, ಬಿಡಿಸೋಕೆ ಬರೋದಾ?"

"ಅಲ್ಲ," ಎಂದ ರಘುರಾಮ. "ಗಿಂಡಿಯದ್ದು."