ಅಟ್ಟದ ಮೇಲಿನ ಮೂರು ಮಿಲಿಮೀಟರ್

ಮಾರ್ಚ್ ಹದಿನಾಲ್ಕನೆಯ ತಾರೀಖು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಇನ್ಸ್‌ಪೆಕ್ಟರರ ಅಟ್ಟ ಅವರ ಕೈತಪ್ಪಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿತ್ತು. ಆಗ ಅವರು ಅಟ್ಟದ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ತಮ್ಮ ಮೂರು ಗಡಿಯಾರಗಳನ್ನು ಒಂದಕ್ಕೊಂದು ತಾಳೆ ನೋಡುತ್ತಿದ್ದರು. ಮನುಷ್ಯನಿಗಿಂತ ಮೊದಲು ಭಾವಮೈದನ ದನಿ ಏಣಿ ಹತ್ತಿ ಬಂತು.

"ಭಾವಾ, ಮೇಲೇ ಇದೀರಾ? ಹಾಗೇ ಒಂಚೂರು ಅಲ್ಲಾಡದೆ ಕೂತಿರಿ. ಜಾಗದ ಅಳತೆ ತಗೋಬೇಕು."

ಇನ್ಸ್‌ಪೆಕ್ಟರ್ ಎಂದರೆ ಪೊಲೀಸ್ ಅಲ್ಲ. ಅಳತೆ ಮತ್ತು ತೂಕದ ಇಲಾಖೆಯವರು. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಸುತ್ತಿ, ತಕ್ಕಡಿಯ ತಟ್ಟೆಯಡಿ ಅಂಟಿಸಿದ ಅಯಸ್ಕಾಂತ, ತಳ ಕೊರೆದು ಹಗುರ ಮಾಡಿದ ತೂಕದ ಬಟ್ಟು, ತುದಿಯಲ್ಲಿ ಅರ್ಧ ಸೆಂಟಿಮೀಟರ್ ಉಜ್ಜಿದ ಮೀಟರ್ ಕೋಲು, ಇವನ್ನೆಲ್ಲ ಹಿಡಿದು ದಂಡ ಹಾಕಿದವರು. ಎದುರು ಬಂದವರ ಮುಖಕ್ಕಿಂತ ಮೊದಲು ತೂಕ ನೋಡುವುದು ಅವರ ಅಭ್ಯಾಸ. ಕಣ್ಣಂದಾಜು ಒಂದು ಕಿಲೋ ಆಚೀಚೆ ಆಗುತ್ತಿರಲಿಲ್ಲ. ಹೆಂಡತಿ ಅರವತ್ತೆರಡು. ಅತ್ತೆ ನಲವತ್ತಮೂರು. ಭಾವಮೈದ ತೊಂಬತ್ತೊಂದು, ಅದರಲ್ಲಿ ನಾಲಗೆಯ ಪಾಲೆಷ್ಟು ಎಂದು ತೂಗುವ ತಕ್ಕಡಿ ಮಾತ್ರ ಇಲಾಖೆಯಲ್ಲಿ ಇರಲಿಲ್ಲ. ಮನೆಯವರು ಹಿಂದಿನಿಂದ ಇನ್ಸ್‌ಪೆಕ್ಟರರನ್ನು 'ಮಿಲಿಮೀಟರ್' ಎಂದು ಕರೆಯುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ಮನೆ ಅತ್ತೆಯದು, ಹಾಗಾಗಿ ತೀರ್ಪೂ ಅತ್ತೆಯದೇ. "ಮನೆಮಂದಿ ಎಲ್ಲಾ ಒಂದು ಕಡೆ ಸೇರೋ ಜಾಗ ಬೇಕು, ಅಳಿಯಂದ್ರೇ," ಎಂದು ಊಟದ ಮೇಜಿನಲ್ಲಿ ಅವರು ಹೇಳಿದರು. "ಒಬ್ಬೊಬ್ರು ಒಂದೊಂದು ಮೂಲೇಲಿ ಮೊಬೈಲ್ ಹಿಡ್ಕೊಂಡು ಗೂಬೆ ಥರ ಕೂತಿರ್ತೀರಿ. ಅಟ್ಟ ಖಾಲಿ ಬಿದ್ದಿದೆ. ಅದನ್ನ ಆಟದ ಕೋಣೆ ಮಾಡಿಸ್ತೀನಿ."

"ಖಾಲಿ ಇಲ್ಲ ಅತ್ತೆ, ನಾನಿದೀನಿ."

"ಅದನ್ನೇ ಹೇಳ್ತಿರೋದು," ಎಂದಳು ಹೆಂಡತಿ.

ಆಟದ ಕೋಣೆಯಾದರೆ ಆಗಲಿ, ಕಿಟಕಿಯ ಮೂಲೆ ಒಂದನ್ನು ಬಿಟ್ಟುಕೊಡಿ ಎಂದು ಇನ್ಸ್‌ಪೆಕ್ಟರರು ಕೇಳಿಕೊಂಡರು. ತಮ್ಮ ಮೇಜು, ತಮ್ಮ ಗಡಿಯಾರಗಳು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೀಳುವ ಬಿಸಿಲು, ಇಷ್ಟೇ. ಆದರೆ ಆ ಮೂಲೆಯ ಮೇಲೆ ಭಾವಮೈದನ ಕಣ್ಣೂ ಇತ್ತು. ಎರಡು ಬೀದಿ ಆಚೆ ಇರುವ ತನ್ನ ಮನೆಯಲ್ಲಿ ಇಡಲು ಜಾಗ ಸಾಲದ ಒಂದು ಫುಟ್‌ಬಾಲ್ ಮೇಜು ಅವನ ಹತ್ತಿರವಿತ್ತು. ಸರಳು ತಿರುಗಿಸಿದರೆ ಮರದ ಆಟಗಾರರು ಒದೆಯುತ್ತಾರೆ, ಗೋಲು ಬಿದ್ದರೆ ಗಂಟೆ ಬಾರಿಸುತ್ತದೆ. ಅದೂ ಒಂದು ಸಲವಲ್ಲ, ಆರು ಸಲ.

ಜಗಳ ಮೂರು ಭಾನುವಾರ ನಡೆಯಿತು. ನಾಲ್ಕನೆಯದಕ್ಕೆ ಅತ್ತೆ ಕೈ ಎತ್ತಿದರು. "ಆಟದ ಕೋಣೆ ತಾನೇ? ಆಟ ಆಡಿ ತೀರ್ಮಾನ ಮಾಡ್ಕೊಳ್ಳಿ. ಕೋಣೆ ತೆರೆಯೋ ದಿನ ಕೇರಂ. ಮೂರರಲ್ಲಿ ಎರಡು ಗೆದ್ದೋರಿಗೆ ಮೂಲೆ. ಆಮೇಲೆ ನನ್ನ ಕಿವಿಗೆ ಯಾರ ದೂರೂ ಬೀಳಬಾರದು."

ಭಾವಮೈದ ನಕ್ಕ. ನಗದೆ ಏನು ಮಾಡಿಯಾನು? ಹತ್ತೊಂಬತ್ತು ವರ್ಷದಿಂದ ಆಡುತ್ತಿದ್ದ ಕೇರಂನಲ್ಲಿ ಇನ್ಸ್‌ಪೆಕ್ಟರರು ಅವನನ್ನು ಗೆದ್ದದ್ದು ಒಂದೇ ಸಲ, ಅದೂ ಅವನ ಬಲಗೈಗೆ ಬ್ಯಾಂಡೇಜ್ ಇದ್ದಾಗ.

ಅಪರಾಧದ ಯೋಚನೆ ಅವರಿಗೆ ಹೊಳೆದದ್ದು ಬಡಗಿಯ ಕೈಚಳಕ ನೋಡುತ್ತಿದ್ದಾಗ. ಆತ ಏಣಿ ತೆಗೆದು ಮೆಟ್ಟಿಲು ಕೂರಿಸಿದ, ನೆಲಕ್ಕೆ ಹೊಸ ಹಲಗೆ ಹಾಸಿದ, ಇಳಿಜಾರು ಮಾಡು ಎತ್ತರವಿರುವ ಅಟ್ಟದ ನಟ್ಟನಡುವೆ ಉದ್ದನೆಯ ಬೆಂಚು ಕಟ್ಟಿದ. ಕೂತು ಆಡುವವರಿಗೆ ತಲೆ ತಾಗುವುದಿಲ್ಲವೆಂದು ಕೇರಂ ಬೋರ್ಡನ್ನು ಕಿಟಕಿಯ ಕಡೆ, ಮಾಡು ಇಳಿಯುವಲ್ಲಿ ಇಟ್ಟ. ಬೋರ್ಡಿನ ಸ್ಟ್ಯಾಂಡಿಗೆ ನಾಲ್ಕು ಕಾಲು, ಪ್ರತಿ ಕಾಲಿಗೂ ತಿರುಪಿನ ಪಾದ. ತಿರುಪನ್ನು ಒಂದು ಸುತ್ತು ತಿರುಗಿಸಿದರೆ ಕಾಲು ಒಂದೂವರೆ ಮಿಲಿಮೀಟರ್ ಏರುತ್ತದೆ. ಬಡಗಿ ಎಲ್ಲರೆದುರು ಮಟ್ಟಗೋಲು ಇಟ್ಟು, ಅದರ ಗಾಜಿನೊಳಗಿನ ನೀರಗುಳ್ಳೆ ನಡುವೆ ಬರುವವರೆಗೆ ತಿರುಗಿಸಿ ತಿರುಗಿಸಿ ಬೋರ್ಡನ್ನು ಸಮ ಮಾಡಿದ.

ಹೋಗುವಾಗ ಕಾಲಿನಿಂದ ನೆಲ ತಟ್ಟಿ ನೋಡಿ ಹೇಳಿದ: "ಹಲಗೆ ಹೊಸದು, ಕೆಳಗಿನ ತೊಲೆ ಹಳೇದು ಸಾರ್. ಅದಕ್ಕೆ ಇನ್ನೂ ಜೀವ ಇದೆ. ಜನ ಹತ್ತಿದ ಮೇಲೆ ಇನ್ನೊಂದ್ಸಲ ನೋಡ್ಬೇಕು."

ಇನ್ಸ್‌ಪೆಕ್ಟರರು ಆ ಸಂಜೆಯೇ ತೊಲೆಯ ಅಗಲ, ದಪ್ಪ, ಉದ್ದ ಅಳೆದು, ಎರಡು ಹಾಳೆ ತುಂಬ ಲೆಕ್ಕ ಹಾಕಿ, ಮರುದಿನ ಬಡಗಿಯ ಕೈಗಿಟ್ಟರು. "ಇಪ್ಪತ್ತು ಜನ ಹತ್ತಿದರೂ ಮುರಿಯಲ್ಲ ಕಣಯ್ಯ."

"ಮುರಿಯತ್ತೆ ಅಂತ ನಾನೆಲ್ಲಿ ಅಂದೆ ಸಾರ್?" ಎಂದ ಬಡಗಿ. ಹಾಳೆಗಳನ್ನು ಮಡಚಿ, ಅಲ್ಲಾಡುತ್ತಿದ್ದ ಬಾಗಿಲಿನ ಸಂದಿಗೆ ತುರುಕಿದ.

ಓದುಬರಹ ಬಾರದವರ ಜೊತೆ ವಾದ ಬೇಡವೆಂದು ಇನ್ಸ್‌ಪೆಕ್ಟರರು ಅಲ್ಲಿಂದ ಹೊರಟರು. ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಹೆಂಡತಿ ಮತ್ತು ಅತ್ತೆ ಕಿಟಕಿಯ ಪರದೆ ತರಲು ಹೋದಾಗ ಅವರು ಬೆಕ್ಕಿನ ಹೆಜ್ಜೆಯಲ್ಲಿ ಅಟ್ಟ ಹತ್ತಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅಪರಾಧಕ್ಕೆ ಬೆಕ್ಕಿನ ಹೆಜ್ಜೆಯೇ ಸರಿ ಎನಿಸಿತು. ಬೆಂಚಿನ ಕಡೆಯ ಎರಡು ಕಾಲುಗಳನ್ನು ಒಂದೊಂದಕ್ಕೂ ಸರಿಯಾಗಿ ಎರಡೆರಡು ಸುತ್ತು ಏರಿಸಿದರು. ಮೂರು ಮಿಲಿಮೀಟರ್. ಕಣ್ಣಿಗೆ ಕಾಣದು, ಕೈಗೆ ತಿಳಿಯದು. ಆದರೆ ನಿಧಾನವಾಗಿ ಹೊಡೆದ ಪಾನು, ಅಂದರೆ ಕೇರಂ ಕಾಯಿ, ಬೋರ್ಡಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹನ್ನೊಂದು ಮಿಲಿಮೀಟರ್ ಕಿಟಕಿಯ ಕಡೆ ಜಾರುತ್ತಿತ್ತು. ನಲವತ್ತು ಸಲ ಹೊಡೆದು ಸರಾಸರಿ ತೆಗೆದರು. ಮೂಲೆಯ ಕುಳಿಯನ್ನು ತಪ್ಪಿಸಲು ಅಷ್ಟು ಧಾರಾಳ ಸಾಕು.

ಯೋಜನೆಯ ಸೊಗಸು ಇದ್ದದ್ದು ಇಲ್ಲಿ. ಓರೆ ಇಬ್ಬರಿಗೂ ಒಂದೇ. ಒಬ್ಬನಿಗೆ ಮಾತ್ರ ಅದು ಗೊತ್ತಿರುತ್ತದೆ. ಇನ್ನೊಬ್ಬ ಹೊಡೆದು ಹೊಡೆದು ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ. ಬಣ್ಣದ ವಾಸನೆ ಆರಲಿ ಎಂದು ನೆಪ ಹೇಳಿ ಅವರು ಕೋಣೆಗೆ ಬೀಗ ಹಾಕಿದರು. ಬೀಗದ ಕೈ ಜೇಬಿಗೆ. ಇಪ್ಪತ್ತಾರು ದಿನ, ದಿನಕ್ಕೆ ಎರಡು ಗಂಟೆ, ಕುಳಿಯಿಂದ ಹನ್ನೊಂದು ಮಿಲಿಮೀಟರ್ ಬೆಂಚಿನ ಕಡೆಗೆ ಗುರಿಯಿಟ್ಟು ಹೊಡೆಯುವುದನ್ನು ರೂಢಿಸಿಕೊಂಡರು. ಮೊದಲ ವಾರ ಕಣ್ಣು ಹಟ ಮಾಡಿತು. ಮೂರನೆಯ ವಾರಕ್ಕೆ ಬೆರಳು ಕಣ್ಣಿನ ಮಾತು ಕೇಳುವುದನ್ನೇ ಬಿಟ್ಟಿತು.

ಒಂದು ವೇಳೆ ಸೋತರೆ? ಅದಕ್ಕೂ ಹಿಂಬಾಗಿಲು ಇಟ್ಟುಕೊಂಡಿದ್ದರು. ಸೋತ ಕೂಡಲೇ ತಾವೇ ಎದ್ದು ಬೋರ್ಡಿನ ಮಟ್ಟ ಪರೀಕ್ಷೆ ಆಗಲಿ ಎನ್ನುವುದು. ಮೂರು ಮಿಲಿಮೀಟರ್ ಓರೆ ಎಲ್ಲರೆದುರು ಸಿಕ್ಕಿಬೀಳುತ್ತದೆ. ಹಳೆಯ ಮನೆ, ಹಳೆಯ ನೆಲ, ಯಾರ ತಪ್ಪೂ ಅಲ್ಲ. ಪಂದ್ಯ ರದ್ದು. ಕಳ್ಳನೇ ದೂರು ಕೊಟ್ಟರೆ ಕಳ್ಳನನ್ನು ಯಾರು ಹುಡುಕುತ್ತಾರೆ? ಸರ್ವಿಸಿನಲ್ಲಿ ಇಷ್ಟು ಅಚ್ಚುಕಟ್ಟಾದ ಮೋಸವನ್ನು ತಾವು ಹಿಡಿದದ್ದಿಲ್ಲ ಎಂದು ಇನ್ಸ್‌ಪೆಕ್ಟರರು ಹೆಮ್ಮೆಪಟ್ಟರು. ಹಾಗೆಯೇ, ಹಿಡಿಯದೆ ಬಿಟ್ಟದ್ದು ಎಷ್ಟಿರಬಹುದು ಎಂದು ಒಂದು ನಿಮಿಷ ಕಳವಳವೂ ಆಯಿತು.

ಇನ್ನು ಬೇಕಾದದ್ದು ಸಾಕ್ಷಿಗಳು. ಗೆಲುವನ್ನು ಯಾರೂ ಆಮೇಲೆ ಅಲ್ಲಗಳೆಯಬಾರದು. ತಮ್ಮ ಮಗಳು-ಅಳಿಯ, ಭಾವಮೈದನ ಹೆಂಡತಿ, ಅವನ ಇಬ್ಬರು ಮಕ್ಕಳು, ಪಕ್ಕದ ಮನೆಯ ದಂಪತಿ, ಎದುರುಮನೆಯ ದರ್ಜಿ, ಕೊನೆಗೆ ಬಡಗಿಯನ್ನೂ ಫೋನ್ ಮಾಡಿ ಕರೆದರು.

"ಕೇರಂಗೆ ಇಷ್ಟೊಂದು ಜನ ಯಾಕ್ರೀ?" ಎಂದಳು ಹೆಂಡತಿ.

"ಆಟದ ಕೋಣೆ ಅಂದ ಮೇಲೆ ತುಂಬಿರಬೇಕು. ಅತ್ತೆಗೆ ಸಂತೋಷ ಆಗಲಿ."

ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡ ಜನ ಸೇರಿಸಿದ್ದು ಇದೇ ಮೊದಲು. ಅವಳು ಅವರ ಹಣೆ ಮುಟ್ಟಿ ಜ್ವರ ನೋಡಿದಳು.

ಮೇ ಇಪ್ಪತ್ತಮೂರು, ಭಾನುವಾರ, ಮಧ್ಯಾಹ್ನ ನಾಲ್ಕು. ಅತ್ತೆ ಮೊದಲು, ಉಳಿದವರು ಹಿಂದೆ, ಎಲ್ಲರೂ ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಒತ್ತಾಗಿ ಕೂತರು. ಒಟ್ಟು ಹನ್ನೊಂದು ಜನ. ಇನ್ಸ್‌ಪೆಕ್ಟರರು ನಿಯಮ ಓದಿದರು: "ಆಟ ಮುಗಿಯೋವರೆಗೆ ಯಾರೂ ಜಾಗ ಬಿಟ್ಟು ಏಳಕೂಡದು. ಆಟಗಾರರ ಗಮನ ಕೆಡುತ್ತೆ."

"ಭಾವಾ, ಪರೀಕ್ಷೆ ಹಾಲಲ್ಲಿ ಕೂರಿಸಿದ ಹಾಗಿದೆ," ಎಂದ ಭಾವಮೈದ ಬೋರ್ಡಿಗೆ ಪೌಡರ್ ಉದುರಿಸುತ್ತ. "ಉಗುರು ಕತ್ತರಿಸಿದೀರೋ ಇಲ್ಲವೋ?"

"ಆಡಯ್ಯ, ಆಡು."

ಗುಂಪು ಚದುರಿಸುವ ಮೊದಲ ಹೊಡೆತ ಇನ್ಸ್‌ಪೆಕ್ಟರರದೇ. ಅವರ ಮುಂದಿನ ಸರದಿಗೆ ಒಂದು ಬಿಳಿ ಪಾನು ಕುಳಿಯ ನೇರಕ್ಕೆ ಹೇಳಿಮಾಡಿಸಿದಂತೆ ಕೂತಿತ್ತು. ಇನ್ಸ್‌ಪೆಕ್ಟರರು ಉಸಿರು ಬಿಗಿಹಿಡಿದು ಹನ್ನೊಂದು ಮಿಲಿಮೀಟರ್ ಬೆಂಚಿನ ಕಡೆಗೆ ಗುರಿಯಿಟ್ಟು ಮೆಲ್ಲಗೆ ಹೊಡೆದರು. ಪಾನು ಗುರಿಯಿಟ್ಟಲ್ಲಿಗೇ ನೆಟ್ಟಗೆ ಹೋಗಿ, ಅಂಚಿನ ಪಟ್ಟಿಗೆ ಬಡಿದು, ವಾಪಸು ಬಂತು.

"ಭಾವಾ, ಕುಳಿ ಇರೋದು ಈ ಕಡೆ," ಎಂದು ಭಾವಮೈದ ಬೆರಳು ತೋರಿಸಿದ. ಬೆಂಚು ನಕ್ಕಿತು. ಅವನು ಮಾತಾಡುತ್ತಲೇ, ನೋಡಿಯೂ ನೋಡದವನಂತೆ, ಒಂದರ ಹಿಂದೊಂದು ನಾಲ್ಕು ಪಾನು ಹಾಕಿದ.

ಇನ್ಸ್‌ಪೆಕ್ಟರರ ಕಿವಿ ಬಿಸಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಹೇಳಿದಂತೆ ಹೊಡೆಯುತ್ತಿದ್ದರು. ಅವರು ಅಳತೆಯ ಮನುಷ್ಯ. ನಲವತ್ತು ಹೊಡೆತದ ಸರಾಸರಿಯನ್ನು ನಾಲ್ಕು ಹೊಡೆತಕ್ಕೆ ಹೆದರಿ ಕೈಬಿಡುವವರಲ್ಲ. ತಪ್ಪು ಓರೆಯದಲ್ಲ, ಜನರೆದುರು ಅಳುಕಿ ಅಳತೆಯನ್ನು ಪೂರಾ ಕೊಡದ ತಮ್ಮ ಕೈಯದೇ ಎಂದು ಬೈದುಕೊಂಡು ಹನ್ನೊಂದನ್ನು ಹದಿನೈದು ಮಾಡಿದರು. ಮೊದಲು ಕುಳಿಯ ಅಂಚಿಗಾದರೂ ಬಡಿಯುತ್ತಿದ್ದ ಪಾನು ಈಗ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ರಾಣಿಯನ್ನು ಅವರು ಎದುರಾಳಿಯ ಕುಳಿಯ ಬಾಯಿಗೆ ತಂದುಕೊಟ್ಟಾಗ ಅತ್ತೆ, "ಅಳಿಯಂದ್ರು ಎಷ್ಟು ಧಾರಾಳ ನೋಡು," ಎಂದು ಮಗಳಿಗೆ ಹೇಳಿದರು. ಮೊದಲ ಆಟ ಹೋಯಿತು. ಇಪ್ಪತ್ತು ನಿಮಿಷದಲ್ಲಿ ಎರಡನೆಯದೂ ಹೋಯಿತು.

ಭಾವಮೈದ ಆಗಲೇ ಕಿಟಕಿಯ ಮೂಲೆಗೆ ಹೋಗಿ ಗೇಣು ಹಾಕುತ್ತಿದ್ದ. ಇನ್ಸ್‌ಪೆಕ್ಟರರು ಎದ್ದುನಿಂತು ಹಿಂಬಾಗಿಲು ತೆರೆದರು.

"ಪಂದ್ಯದ ಮೇಲೆ ನನ್ನ ತಕರಾರಿದೆ. ಬೋರ್ಡು ಓರೆ ಇದೆ ಅಂತ ಅನುಮಾನ."

"ಓರೆನಾ? ನಂಗೇನೂ ಗೊತ್ತಾಗ್ಲಿಲ್ಲಪ್ಪ," ಎಂದ ಭಾವಮೈದ.

"ನೀನು ಗೆದ್ದವನು, ನಿನಗೆ ಹೇಗೆ ಗೊತ್ತಾಗುತ್ತೆ? ಅಳತೆ ಆಗಲಿ. ಯಾರೂ ಏಳಬೇಡಿ, ಹಾಗೇ ಕೂತಿರಿ. ಪರೀಕ್ಷೆ ಅಂದ ಮೇಲೆ ಶಿಸ್ತು ಇರಬೇಕು."

"ಅಳೆದಾದ ಮೇಲೆ ಮತ್ತೆ ರಾಗ ತೆಗೀಬಾರದು," ಎಂದರು ಅತ್ತೆ. "ಏನು ಬರತ್ತೋ ಅದನ್ನ ಎಲ್ಲರ ಮುಂದೆ ಗಟ್ಟಿಯಾಗಿ ಓದ್ಬೇಕು. ಅದನ್ನ ಬರೆದು ಗೋಡೆಗೆ ಅಂಟಿಸ್ತೀನಿ."

"ಧಾರಾಳವಾಗಿ ಅಂಟಿಸಿ ಅತ್ತೆ."

ಬೀರುವಿನಿಂದ ತಮ್ಮ ಇಲಾಖೆಯ ಕಾಲದ ಮಟ್ಟಗೋಲನ್ನು ತಂದರು. ಮಿಲಿಮೀಟರಿನ ಹತ್ತನೇ ಒಂದು ಭಾಗ ತೋರಿಸುವ, ಎಂದೂ ಸುಳ್ಳಾಡದ ಉಪಕರಣ. ಮೆತ್ತನೆ ಬಟ್ಟೆಯಿಂದ ಒರೆಸಿ, ಬೋರ್ಡಿಗೆ ಅಡ್ಡವಾಗಿ ಇಟ್ಟು, ಮೂರು ಗೀಟು ಆಚೆ ನಿಲ್ಲಬೇಕಾದ ಗುಳ್ಳೆಯನ್ನು ನೋಡಲು ಕನ್ನಡಕ ಏರಿಸಿ ಬಗ್ಗಿದರು. ಗುಳ್ಳೆ ನಟ್ಟನಡುವೆ ನಿಂತಿತ್ತು. ಬೆರಳಿನಿಂದ ತಟ್ಟಿದರು. ಅಲ್ಲೇ ನಿಂತಿತು.

ಅಷ್ಟರಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದ ಬಡಗಿ ನೀರು ಕುಡಿಯಲೆಂದು ಎದ್ದ. ಎಪ್ಪತ್ತು ಕಿಲೋ. ಗುಳ್ಳೆ ಒಂದು ಕೂದಲೆಳೆಯಷ್ಟು ಬೆಂಚಿನ ಕಡೆ ಸರಿಯಿತು. ಅವನು ಗುಟುಕು ಮುಗಿಸಿ ಕೂತ. ಗುಳ್ಳೆ ಮನೆಗೆ ಮರಳಿದಂತೆ ನಡುವೆ ಬಂದು ನಿಂತಿತು. ಇನ್ಸ್‌ಪೆಕ್ಟರರು ಬಗ್ಗಿದಲ್ಲಿಂದಲೇ ಬೆಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓದಿದರು: ನಲವತ್ತಮೂರು, ಅರವತ್ತೆರಡು, ಐವತ್ತೆಂಟು, ಎಪ್ಪತ್ತೇಳು... ಹನ್ನೊಂದು ಜನ, ಆರು ನೂರ ನಲವತ್ತೆಂಟು ಕಿಲೋ, ಎಲ್ಲವೂ ಅಟ್ಟದ ನಡುವಿನ ಹಳೆಯ ತೊಲೆಯ ಮೇಲೆ. ತೊಲೆ ಮುರಿಯುವುದಿಲ್ಲ ಎಂದು ಎರಡು ಹಾಳೆ ಲೆಕ್ಕ ಹಾಕಿದವರು, ಬಗ್ಗುತ್ತದೆಯೇ ಎಂದು ಒಂದು ಸಾಲೂ ಬರೆದಿರಲಿಲ್ಲ. ತಾವು ಏರಿಸಿದಷ್ಟನ್ನೇ, ತಾವೇ ಕರೆದು ತಾವೇ ಕೂರಿಸಿದ ಸಾಕ್ಷಿಗಳು ಇಳಿಸಿಬಿಟ್ಟಿದ್ದರು. ಬಡಗಿ ತೊಲೆಯ ಕಡೆ ನೋಡಿದ, ಇನ್ಸ್‌ಪೆಕ್ಟರರ ಕಡೆ ನೋಡಿದ, ಆಮೇಲೆ ಬಹಳ ಮರ್ಯಾದೆಯಿಂದ ಮಾಡಿನ ಕಡೆ ನೋಡತೊಡಗಿದ. "ಓದಿ ಅಳಿಯಂದ್ರೇ, ಗಟ್ಟಿಯಾಗಿ," ಎಂದರು ಅತ್ತೆ, ಕೈಯಲ್ಲಿ ಪೆನ್ನು ಹಿಡಿದು. ಮೂವತ್ತೊಂದು ವರ್ಷ ಒಂದು ಅಳತೆಯನ್ನೂ ತಪ್ಪು ಓದದ ಇನ್ಸ್‌ಪೆಕ್ಟರರು ಗಂಟಲು ಸರಿಮಾಡಿಕೊಂಡು ಓದಿದರು. ಬೋರ್ಡಿನ ಓರೆ: 0.0 ಮಿಲಿಮೀಟರ್.