ಕಚ್ಚುವ ನಲ್ಲಿ

ಚಪ್ಪಲಿ ಬಿಡದೆ ಒಳಗೆ ನುಗ್ಗಿ ಬಾಗಿಲ ಹಿಂದಿನ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದೆ. ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ಯಂತ್ರ ನರಳಿ ನಿಂತಿತು. ಅರ್ಧ ಉಜ್ಜಿದ ಲೆನ್ಸ್ ಕೈಯಲ್ಲಿ ಹಿಡಿದುಕೊಂಡೇ ಅವನು ಹೊರಗೆ ಬಂದ.

"ಏನ್ರೀ ಫಿಟ್ಟರ್ ಮೇಡಂ, ನಮ್ಮನೇಲಿ ಬೆಲ್ ಇದೆ. ಕರೆಂಟ್ ತೆಗೆದು ಕರೀಬೇಕಾ?"

"ಅಜ್ಜಿ ಎಲ್ಲಿ?"

"ಸ್ನಾನಕ್ಕೆ ಹೋದ್ರು. ಯಾಕೆ, ಇವತ್ತೂ ನಲ್ಲಿ..." ಅವನು ಅಜ್ಜಿಯ ಹಾಗೆ ಬೆರಳು ಕೊಡವಿ ಕಣ್ಣರಳಿಸಿದ. ಪ್ರತಿ ವಾರ ನಾನು ನಗುತ್ತಿದ್ದದ್ದು ಇದಕ್ಕೇ. ಈಗ ಬಚ್ಚಲ ಬಾಗಿಲಿಗೆ ಓಡಿ ಎರಡೂ ಕೈಯಿಂದ ಬಡಿದೆ.

"ಬದುಕಿದ್ದೀನಿ ಕಣೇ, ಬಾಗಿಲು ಮುರೀಬೇಡ," ಅಂದರು ಅಜ್ಜಿ ಒಳಗಿಂದ.

ಅಲ್ಲೇ ಹೊಸಿಲ ಬಳಿ ಕೂತೆ.

ಒಂಬತ್ತು ವಾರದ ಹಿಂದೆ ಈ ಮನೆಗೆ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಕೂರಿಸಿದವಳು ನಾನೇ. ಅಜ್ಜಿಯ ಮೊಮ್ಮಗನಾದ ಅವನು ಕನ್ನಡಕ ಮಾಡುವವನು. ಇಲ್ಲಿಯ ಗಡಸು ನೀರಿನಲ್ಲಿ ತೊಳೆದ ಗಾಜು ಒಣಗಿದರೆ ಮೈತುಂಬ ಬಿಳಿ ಕಲೆ. "ನಾನು ಮಾಡಿದ ಕನ್ನಡಕಕ್ಕೇ ಪೊರೆ ಬರುತ್ತೆ, ಜನ ನಗ್ತಾರೆ," ಎಂದು ನಮ್ಮ ಅಂಗಡಿಗೆ ಬಂದಿದ್ದ.

ಅಂಗಡಿಯಲ್ಲಿ ಪೈಪು ಕತ್ತರಿಸುವ ಹೆಂಗಸು ನಾನೊಬ್ಬಳೇ. ಹಾಗಾಗಿ ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಬರಬಾರದೆಂಬ ಹಟ ನನಗೆ. ಮನೆಯೊಳಕ್ಕೆ ಬರುವ ಕಬ್ಬಿಣದ ಪೈಪನ್ನು ಕತ್ತರಿಸಿ, ನಡುವೆ ಪ್ಲಾಸ್ಟಿಕ್ ಪೈಪು ಕೊಟ್ಟು, ಟ್ಯಾಂಕುಗಳನ್ನು ಮಟ್ಟ ನೋಡಿ ಕೂರಿಸಿದೆ. ಕುಡಿಯುವ ನೀರಿಗೆ ಉಪ್ಪಿನ ಅಂಶ ಸೇರದಂತೆ ಅಡುಗೆಮನೆಯ ನಲ್ಲಿಯನ್ನು ಬೇರೆಯೇ ಬಿಟ್ಟೆ. ಸಾಫ್ಟ್‌ನರ್ ಹೊರಹಾಕುವ ಕೊಳೆನೀರಿನ ಕೊಳವೆಯ ತುದಿಗೂ ಚರಂಡಿಗೂ ನಡುವೆ ಜಾಗ ಬಿಟ್ಟೆ. ಟಾರ್ಚ್ ಹಿಡಿದವನು ಅವನು.

"ಎರಡು ಬೆರಳು ಜಾಗ ಯಾಕೆ?"

"ಚರಂಡಿ ನೀರು ವಾಪಸ್ ಮೇಲೆ ಏರಬಾರದು, ಅದಕ್ಕೆ."

ನನ್ನ ಬೆರಳಿದ್ದ ಜಾಗದಲ್ಲಿ ತನ್ನ ಬೆರಳಿಟ್ಟು ಅಳೆದ. ಬೆಳಕು ಪೈಪು ಬಿಟ್ಟು ನನ್ನ ಕೆನ್ನೆಯ ಮೇಲಿತ್ತು.

"ಟಾರ್ಚ್ ಪೈಪಿಗೆ ಹಿಡೀರಿ."

"ಪೈಪಿಗೇ ಹಿಡಿದಿದ್ದೀನಲ್ಲ."

ನಕ್ಕೆ. ನಗುತ್ತಲೇ ಚೀಲದ ಜಿಪ್ ಎಳೆದೆ. ಹಸಿರು ತಂತಿ ಆ ಚೀಲದೊಳಗೇ ಉಳಿಯಿತು.

ಹಳೆಯ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ಮಣ್ಣಿಗಿಳಿಯುವುದು ಈ ಕಬ್ಬಿಣದ ಪೈಪಿನ ಮೂಲಕವೇ. ನಡುವೆ ಪ್ಲಾಸ್ಟಿಕ್ ಬಂದರೆ ಆಚೆಯ ಕಬ್ಬಿಣಕ್ಕೂ ಈಚೆಯ ಕಬ್ಬಿಣಕ್ಕೂ ಆ ಹಸಿರು ತಂತಿ ಕಟ್ಟಬೇಕು. ಇಲ್ಲದಿದ್ದರೆ ಗೀಸರ್‌ನಿಂದ ಸೋರಿದ ಕರೆಂಟಿಗೆ ಮಣ್ಣಿಗಿಳಿಯಲು ದಾರಿಯಿಲ್ಲ. ಅದು ನಲ್ಲಿಯಲ್ಲಿ ಕೂತು ಯಾರದಾದರೂ ಕೈಗಾಗಿ ಕಾಯುತ್ತದೆ. ಒಂದು ಮನೆಗೆ ಒಂದು ಸುರುಳಿ ತಂತಿ. ಆಮೇಲೆ ಕಬ್ಬಿಣದ ಪೈಪು ಕತ್ತರಿಸುವ ಕೆಲಸ ಮತ್ತೆ ಸಿಕ್ಕಿದ್ದು ಈ ಬೆಳಿಗ್ಗೆಯೇ; ಆ ಮನೆಯಲ್ಲಿ ಚೀಲಕ್ಕೆ ಕೈ ಹಾಕಿದರೆ ಎರಡು ಸುರುಳಿ ಬಂದವು, ಒಂದು ಇಲ್ಲಿಯದು. ದಾರಿಯುದ್ದಕ್ಕೂ ಫೋನ್ ಮಾಡಿದೆ. ಯಂತ್ರ ಓಡುವಾಗ ಅವನಿಗೆ ಏನೂ ಕೇಳಿಸುವುದಿಲ್ಲ.

ಎರಡನೇ ವಾರವೇ ಅಜ್ಜಿ ಹೇಳಿದ್ದರು, "ನಲ್ಲಿ ಕಚ್ಚುತ್ತೆ ಕಣ್ರೋ." ಅವನ ಸ್ನಾನ ಮಹಡಿಯಲ್ಲಿ, ತಣ್ಣೀರಲ್ಲಿ, ಪ್ಲಾಸ್ಟಿಕ್ ಪೈಪಿನ ಕೆಳಗೆ. ಅವನಿಗೇನೂ ಕಚ್ಚಲಿಲ್ಲ. ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಮಾತ್ರೆ ತಂದ. ಅಜ್ಜಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಮರದ ಸೌಟಿನಲ್ಲಿ ನಲ್ಲಿಯ ಹಿಡಿ ತಳ್ಳಿ ಸ್ನಾನ ಮಾಡತೊಡಗಿದರು. "ಒಳಗೆ ಅಡುಗೆ ನಡೀತಿದೆಯಾ ಅಜ್ಜಿ?" ಎಂದು ಕೇಳಿದವಳು ನಾನು.

ನೀರಿನ ಪರೀಕ್ಷೆ ತಿಂಗಳಿಗೊಂದು ಸಾಕು. ನಾನು ವಾರಕ್ಕೊಂದು ಮಾಡಿದೆ. ಸೀಸೆಯ ಕೆಂಪು ನೀರು ನೀಲಿಯಾಗುವವರೆಗೆ ಹನಿ ಎಣಿಸುವಾಗ ಅವನ ಭುಜ ತಾಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿಂದ. ಮಾತು ಮುಗಿದಾಗೆಲ್ಲ ನಗಲು ಅಜ್ಜಿಯ ನಲ್ಲಿ ಇದ್ದೇ ಇತ್ತು. ನಮ್ಮ ಸಲುಗೆ ಬೆಳೆದದ್ದು ಅವರ ಬೆರಳಿನ ನೋವಿನ ಮೇಲೆ.

ಬಚ್ಚಲ ಬಾಗಿಲು ತೆರೆಯಿತು. ಅಜ್ಜಿಯ ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಯಲ್ಲಿ ಮರದ ಸೌಟು. ಇವೆರಡೂ ಇಲ್ಲದಿದ್ದರೆ ಎಂದು ಯೋಚಿಸಲಾರದೆ ಎದ್ದು ಕೆಲಸಕ್ಕಿಳಿದೆ.

ಗೀಸರ್‌ನ ಪ್ಲಗ್ ಕಿತ್ತೆ. ಪೈಪಿನ ಬಣ್ಣ ಕೆರೆದು, ಪ್ಲಾಸ್ಟಿಕ್ಕಿನ ಆಚೀಚೆ ಕ್ಲಾಂಪ್ ಬಿಗಿದು, ಹಸಿರು ತಂತಿ ಕಟ್ಟಿದೆ. ಹಿಂದೆ ನಿಂತಿದ್ದವನಿಗೆ ಎಲ್ಲ ಹೇಳಿದೆ. ತಿರುಗಿ ನೋಡಲಾಗಲಿಲ್ಲ.

ಅವನು ಹತ್ತಿರ ಬಗ್ಗಿದ. ಮೆಲ್ಲಗೆ ಹೇಳಿದ, "ಗೀಸರ್ ಕೆಟ್ಟಿತ್ತು ಅಂತ ಹೇಳೋಣ. ಅದು ಸುಳ್ಳೂ ಅಲ್ಲ. ಭಾನುವಾರ ಅಜ್ಜಿ ಹತ್ರ ನಮ್ಮಿಬ್ಬರ ವಿಷಯ ಎತ್ತಬೇಕು ಅಂತಿದ್ದೆ. ಅವರು ಬೇಡ ಅಂದ್ರೆ ಮುಗೀತು."

ಒಂಬತ್ತು ವಾರ ಕಾದ ಮಾತು. ನನ್ನ ಬೆನ್ನಿಗೆ ಬಂದು ಬಿತ್ತು. ಸ್ಪ್ಯಾನರ್ ಕೆಳಗಿಟ್ಟು ಅಜ್ಜಿಯ ಮುಂದೆ ಹೋಗಿ ನಿಂತೆ.

"ಅಜ್ಜಿ, ನಲ್ಲಿ ಕಚ್ಚುತ್ತಿದ್ದದ್ದು ನಿಜ. ನಾನು ತಂತಿ ಕಟ್ಟೋದು ಮರೆತಿದ್ದೆ. ನೀವು ಹೇಳಿದಾಗ ನಕ್ಕೆ. ಪ್ರತಿ ವಾರ ನಕ್ಕೆ."

ಅಜ್ಜಿ ಟವೆಲಿನಲ್ಲಿ ಸೌಟು ಒರೆಸುತ್ತಿದ್ದರು. "ಮಾತ್ರೆ ನುಂಗಿಸಿದ್ಯಲ್ಲೋ," ಎಂದು ಮೊಮ್ಮಗನಿಗೆ ಅಂದರು. "ಕಹಿ ಅಂದ್ರೆ ಕಹಿ." ಆಮೇಲೆ, "ಮೊದಲು ನಕ್ಕಿದ್ದು ಯಾರು?"

"ನಾನು," ಎಂದೆವು, ಇಬ್ಬರೂ ಒಟ್ಟಿಗೆ.

ಅಜ್ಜಿ ಒಬ್ಬರಿಂದ ಇನ್ನೊಬ್ಬರಿಗೆ ಕಣ್ಣು ಹೊರಳಿಸಿದರು. "ಭಾನುವಾರದ ಮಾತೂ ಕೇಳಿಸ್ತು. ನರ ಹೋಗಿರಬಹುದು, ಕಿವಿ ಹೋಗಿಲ್ಲ. ಅದು ಆಮೇಲೆ. ಮೊದಲು ನಲ್ಲಿ ತೋರಿಸು."

ಮೇನ್ ಹಾಕಿದೆ. ಕರೆಂಟ್ ಅಳೆಯುವ ಮೀಟರಿನ ಒಂದು ಕಡ್ಡಿ ನಲ್ಲಿಗೆ, ಇನ್ನೊಂದು ಒದ್ದೆ ನೆಲಕ್ಕೆ ಹಿಡಿದೆ. ಸೊನ್ನೆ. ಮೂರು ಸಲ ನೋಡಿದೆ, ಮೂರು ಸಲವೂ ಸೊನ್ನೆ. ಬೆಳಗಿನಿಂದ ಕಾಲಲ್ಲೇ ಇದ್ದ ಚಪ್ಪಲಿ ಬಿಟ್ಟು ಬಚ್ಚಲಿಗಿಳಿದೆ. ಹಿಂದೆ ಅವನ ಕೆಲಸದ ಶೂ ಕಳಚಿದ ಸದ್ದು. ಅವನು ಬರಿಗಾಲಲ್ಲಿ ಬಂದು, ಭುಜ ತಾಗದಂತೆ, ನನ್ನ ಪಕ್ಕ ನಿಂತ.

ಅಜ್ಜಿ ಹೊಸಿಲಾಚೆಯಿಂದ ಬಗ್ಗಿ ಸೌಟು ನೀಡಿದರು.

"ತಗೋ ಮಗಳೇ. ಬರಿಗೈಲಿ ಮುಟ್ಟಬೇಡ."

"ಬೇಡ," ಎಂದು ನಲ್ಲಿಗೆ ಬರಿಗೈ ಚಾಚಿದೆ.