ಎಡಗಡೆಯ ಸ್ಪೀಕರ್

"ಹೇಳು ಕೌಶಲ್ಯಾ, ಆವಾಜ್ ಹೆಂಗ ಅದ?"

ಲಗ್ನ ನಿಶ್ಚಯವಾದ ಮೇಲೆ ಮಾಣಿಕ ತನ್ನೊಡನೆ ಆಡಿದ ಮೊದಲ ಮಾತು ಇದೇ ಎಂದುಕೊಂಡಳು ಕೌಶಲ್ಯಾ.

ತಾಂಡೂರಿನ ಸ್ಟೇಷನ್ ರಸ್ತೆಯ ಕಾಶಿರಾಮನ ರೇಡಿಯೋ ಅಂಗಡಿ. ಅವಳ ಕುರ್ಚಿಯ ಎಡಕ್ಕೊಂದು, ಬಲಕ್ಕೊಂದು ಸ್ಪೀಕರ್ ಡಬ್ಬಿ. ಟೇಪಿನಲ್ಲಿ ಭಜನೆಯ ಕ್ಯಾಸೆಟ್ ತಿರುಗುತ್ತಿತ್ತು.

ಏನು ಹೇಳಲಿ...? ತಪ್ಪಿದರೆ?

"ಎರಡೂ ಚಲೋ ಕೇಳಸ್ತಾವ್ರಿ..."

ಅಂಗಡಿಯಲ್ಲಿದ್ದವರೆಲ್ಲ ಒಮ್ಮೆಲೇ ಅವಳತ್ತ ನೋಡಿದರು. ಕಾಶಿರಾಮ ಗಹಗಹಿಸಿ ನಕ್ಕ.

"ಎರಡೂ ಎಲ್ಲಿಂದವ್ವಾ? ಎಡಗಡೀದಕ್ಕ ನಾ ಇನ್ನಾ ವೈರೇ ಹಚ್ಚಿಲ್ಲ!"

ಕೌಶಲ್ಯಾಳ ಜೊತೆಗೆ ಬಂದಿದ್ದ ಸೋದರತ್ತೆ ಪೀರಮ್ಮ ಗಡಬಡಿಸಿ ನಡುವೆ ಬಾಯಿ ಹಾಕಿದಳು.

"ಹುಡುಗಿ ನಾಚ್ಕೊಂಡಾಳಪ್ಪ. ಗಂಡನಾಗಂವ ಬಾಜೂಕ ನಿಂತಾಗ ಡಬ್ಬಿ ಕಡಿ ಲಕ್ಷ್ಯ ಇರ್ತದೇನು?"

ಎಲ್ಲರೂ ನಕ್ಕರು. ಮಾಣಿಕ ಮಾತ್ರ ನಗಲಿಲ್ಲ.

ಅವನು ಊರ ಹೊರಗಿನ ನೆಲಕ್ಕೆ ಹಾಸುವ ನಾಪಾ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಮಶೀನ್ ನಡೆಸುತ್ತಿದ್ದ. ಮನೆಯಲ್ಲಿದ್ದ ಸಣ್ಣ ಟೇಪು ತಗಡು ಬಡಿದಂತೆ ಕಿರುಚುತ್ತದೆಂದು, ಲಗ್ನಕ್ಕೆ ಮುಂಚೆಯೇ ದೊಡ್ಡ ಜೋಡಿ ಸ್ಪೀಕರ್ ತರಲು ಹೊರಟಿದ್ದ. 'ಮನಿಗಿ ಬರಾಕಿನೇ ಆರಿಸಲಿ' ಎಂದು ಅವಳ ಊರು ಪೆದ್ದೆಮುಲ್‌ಗೆ ಹೇಳಿ ಕಳಿಸಿದ್ದೂ ಅವನೇ. ಅದನ್ನು ಕೇಳಿದ ದಿನ ಕೌಶಲ್ಯಾ ನೀರು ಸೇದುತ್ತಾ ಒಬ್ಬಳೇ ನಕ್ಕಿದ್ದಳು.

ಆಮೇಲೆ ಭಯ ಶುರುವಾಯಿತು.

ಅವಳ ಎಡಗಿವಿ ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರಿ ಹಾಗಾಯಿತು. 'ಕರೆದರೂ ಓ ಅನ್ನೂದಿಲ್ಲ, ಸೊಕ್ಕು' ಎಂದು ಸಾಲಿಯ ಮಾಸ್ತರರು ಹೊಡೆದಾಗ ಅವಳು ಸಾಲಿಯನ್ನೇ ಬಿಟ್ಟಳು. ಅಂದಿನಿಂದ ಜನರ ತುಟಿ ನೋಡುವುದು, ಎಲ್ಲರ ಎಡಕ್ಕೇ ನಿಲ್ಲುವುದು ಅವಳಿಗೆ ರೂಢಿ. ಹಾಗೆ ನಿಂತರೆ ಎಲ್ಲರೂ ಅವಳ ಬಲಗಿವಿಯ ಕಡೆಗೇ ಇರುತ್ತಾರಲ್ಲ!

ಹೊರಡುವಾಗ ಅವ್ವ ಗಲ್ಲ ಹಿಡಿದು ಹೇಳಿದ್ದಳು. "ತಾಳಿ ಕಟ್ಟೂತನಕ ಬಾಯಿ ಬಿಡಬ್ಯಾಡ, ತಾಯಿ. ಗೊತ್ತಾತು ಅಂದ್ರ ಲಗ್ನ ಮುರೀತದ."

ಕಾಶಿರಾಮ ವೈರು ಹಚ್ಚಿದ. "ಈಗ ಹೇಳವ್ವ, ಯಾವ ಕಡೀದು ಜೋರ್ ಅದ?"

ಕೌಶಲ್ಯಾ ಡಬ್ಬಿಯ ಮುಂದಿನ ಬಟ್ಟೆಯನ್ನೇ ದಿಟ್ಟಿಸಿದಳು. ನಡುಗುತ್ತಿದೆಯೇ? ಎರಡೂ ನಡುಗುತ್ತಿದ್ದವು... ಅಥವಾ ನಡುಗುತ್ತಿದ್ದುದು ಅವಳೇ!

"ಇವ್ರಿಗಿ ಹೆಂಗ ಪಸಂದ್ ಬರ್ತದೋ ಹಂಗ್ರಿ..."

ಮಾಣಿಕನ ಮುಖ ಬಾಡಿತು. "ಟೇಪ್ ಬಂದ್ ಮಾಡು ಕಾಶಿರಾಮಣ್ಣ. ಪೀರಮ್ಮತ್ತಿ, ಈಕಿ ಜೊತಿ ಎರಡು ಮಾತು ಆಡ್ತೀನಿ. ಇಲ್ಲೇ ಹೊರಗ, ನಿಮ್ಮ ಕಣ್ಮುಂದೇ."

ಅಂಗಡಿಯ ಹೊರಗೆ ತೊಗರಿ ಚೀಲದ ಬಂಡಿಗಳು ನಿಂತಿದ್ದವು. ಅವುಗಳ ಪಕ್ಕದಲ್ಲಿ, ಪೀರಮ್ಮನಿಗೆ ಕಾಣುವಂತೆ, ಮಾಣಿಕ ಅವಳೆದುರು ನಿಂತ.

"ಖರೆ ಹೇಳು. ನಿಂಗ ಈ ಲಗ್ನ ಬ್ಯಾಡೇನು?"

"ಅಯ್ಯೋ... ಯಾಕ್ರಿ?"

"ಬಸ್ಸಿಂದ ಇಳದಾಗ ಬಾಜೂಕ ಬಂದು ಮಾತಾಡ್ಸಿದೆ. ಹೊಳ್ಳಿ ಸುದ್ಧಾ ನೋಡ್ಲಿಲ್ಲ ನೀ. ಇಲ್ಲಿ ಕೇಳಿದ್ರ, ಇಲ್ಲದ ಆವಾಜನೂ ಚಲೋ ಅಂತಿ. ಜಲ್ದಿ ಮುಗದ್ರ ಸಾಕು ಅನ್ನೂ ಹಂಗ." ಅವನ ದನಿ ಇಳಿಯಿತು. "ಮನಸ್ಸಿಲ್ಲ ಅಂದ್ರ ಹೇಳು. ನಾನೇ ಬ್ಯಾಡ ಅಂದೀನಿ ಅಂತ ಹೇಳ್ತೀನಿ. ನಿನ್ನ ಮ್ಯಾಲೆ ಮಾತು ಬರಂಗಿಲ್ಲ."

ಅಂದರೆ ಮಾತಾಡಿಸಿದ್ದನೇ! ನನ್ನ ಎಡಗಡೆ ನಿಂತು...!

ಹೇಳಿದರೆ ಲಗ್ನ ಮುರಿಯುತ್ತದೆ. ಹೇಳದಿದ್ದರೆ ಈಗಲೇ, ಇಲ್ಲೇ ಮುರಿಯುತ್ತದೆ. ಇಷ್ಟು ಒಳ್ಳೆಯವನು ತನ್ನ ಮೇಲೇ ತಪ್ಪು ಹೊತ್ತುಕೊಂಡು ಹೋಗುತ್ತಾನೆ...

"ನಂಗ ಎಡಗಿವಿ ಕೇಳಂಗಿಲ್ರಿ!"

ಹೇಳಿಬಿಟ್ಟಳು. ಹೇಳಿದ ಮೇಲೆ ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಮಾಣಿಕನ ಮುಖದಲ್ಲಿ ಸಿಟ್ಟಿತ್ತು.

"ನಾ ಕೇಳ್ದಿದ್ರ... ತಾಳಿ ಕಟ್ಟೂತನಕ ಮುಚ್ಚಿಡ್ತಿದ್ದಿ?"

ಇಲ್ಲ ಎನ್ನಬಹುದಿತ್ತು. "ಹೂಂ..." ಎಂದಳು ಕೌಶಲ್ಯಾ. "ಮುಚ್ಚಿಡ್ತಿದ್ದೆ. ಅಂಜಿಕಿ ಇತ್ತು. ನೀವು ಬೇಕಾಗಿದ್ರಿ..."

ಅವನು ತಿರುಗಿ ಅಂಗಡಿಯೊಳಗೆ ಹೋದ.

ಮುಗಿಯಿತು! ಅವ್ವನಿಗೆ ಯಾವ ಮುಖ ತೋರಿಸಲಿ? ಕೌಶಲ್ಯಾ ಬಂಡಿಯ ಗಾಲಿ ಹಿಡಿದು ನಿಂತುಬಿಟ್ಟಳು.

"ಏ ಏ, ಏನ್ ಮಾಡ್ತೀಯೋ ಮಾಣಿಕಾ!" ಒಳಗಿಂದ ಕಾಶಿರಾಮನ ಕೂಗು. "ಎರಡೂ ಒಂದೇ ಕಡಿ ಇಟ್ರ ಜೋಡಿ ಸ್ಪೀಕರ್ ಯಾಕ ಬೇಕೋ?"

"ಮನಿ ನಂದು, ಗ್ವಾಡಿ ನಂದು. ನೀ ಟೇಪ್ ಹಚ್ಚು. ಕೌಶಲ್ಯಾ... ಬಾ ಇಲ್ಲಿ."

ಕಾಲೆಳೆಯುತ್ತಾ ಒಳಗೆ ಬಂದಳು. ಎರಡು ಡಬ್ಬಿಗಳೂ ಕುರ್ಚಿಯ ಬಲಕ್ಕೆ, ಒಂದರ ಮೇಲೊಂದು! ಗುಟ್ಟು ಹೊರಬಿದ್ದದ್ದು ಪೀರಮ್ಮನಿಗೆ ತಿಳಿದುಹೋಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭಜನೆ ಶುರುವಾಯಿತು. ಹಾಡುವವರ ದನಿಯ ಜೊತೆಗೆ, ಎಡಗಡೆ ಇದ್ದ ಡಬ್ಬಿಯಿಂದ ತಾಳದ ಕಿಣಿಕಿಣಿ... ಮೊದಲು ಅದು ಇರಲೇ ಇಲ್ಲವಲ್ಲ!

"ಈಗ?"

"ತಾಳ... ತಾಳ ಬಾರಸ್ತಾರ್ರಿ!"

ಅವಳ ಕಣ್ಣು ತುಂಬಿತು. ಮಾಣಿಕ ಬಲಗಡೆಯಿಂದ ಬಗ್ಗಿ, ಅವಳೊಬ್ಬಳಿಗೇ ಕೇಳುವಂತೆ ಹೇಳಿದ.

"ಸಿಟ್ಟು ಇನ್ನಾ ಹೋಗಿಲ್ಲ ನಂಗ. ಕಿವೀಗಲ್ಲ, ಮುಚ್ಚಿಟ್ಟಿದ್ದಕ್ಕ. ನಮ್ಮವ್ವಗ ಇವತ್ತೇ ಹೇಳೂನು. ನೀನೇ ಹೇಳಬೇಕು."

"ಲಗ್ನಕ್ಕಿಂತ ಮೊದ್ಲು ನಿಮ್ಮ ಹೊಸ್ತಿಲ ಹೆಂಗ ದಾಟ್ಲಿ?"

"ದಾಟಬ್ಯಾಡ. ಹೊರಗ ಕಟ್ಟಿ ಮ್ಯಾಲೆ ಕೂತು ಹೇಳು."

"ನಿಮ್ಮವ್ವ ಬ್ಯಾಡ ಅಂದ್ರ...?"

"ಬೈತಾಳ. ನಿಂಗ ಬೈತಾಳ, ನಿಮ್ಮಪ್ಪಗ ಬೈತಾಳ, ಹೆಚ್ಚಿಗಿ ನಂಗೇ ಬೈತಾಳ. ಆದ್ರ ಲಗ್ನ ಆಗಂವ ನಾನು."

ಕೌಶಲ್ಯಾ ಮೊದಲ ಬಾರಿಗೆ ಅವನ ತುಟಿಯನ್ನಲ್ಲ, ಕಣ್ಣನ್ನು ನೋಡಿದಳು.

"ನಂಗ ಇನ್ನಾ ಅಂಜಿಕಿ ಅದರಿ..."

"ನಂಗೂ ಅದ. ನಮ್ಮವ್ವ ಅಂದ್ರ ಕಾರ್ಖಾನಿ ಮಾಲಕನೂ ಅಂಜತಾನ. ನಡಿ, ಇಬ್ರೂ ಕೂಡಿ ಬೈಸ್ಕೊಳ್ಳೂನು."